ಹೊತ್ತು ಮುಳುಗಿದರೆ ಊಟವಿಲ್ಲದ ದೇಶ

ಮಿರಜಿನಿಂದ ಆಚೆ

ನಾನು ಮೊದಲ ಸಲ ಪರದೇಶಕ್ಕೆ ಹೋದದ್ದು ರೈಲಿನಲ್ಲಿ. ಪಾಸ್‌ಪೋರ್ಟ್ ಬೇಕಾಗಲಿಲ್ಲ, ಸಮುದ್ರ ದಾಟಲಿಲ್ಲ. ಆದರೂ ಅದು ಪರದೇಶವೇ ಎಂದು ನನ್ನ ಸೋದರಮಾವ ವಾಸುಮಾಮಾ ಹೇಳಿದ್ದ. ನಮ್ಮ ಮನೆಯಲ್ಲಿ ಭೂಗೋಳದ ವಿಷಯಕ್ಕೆ ಅವನ ಮಾತೇ ಕೊನೆ. ಅವನ ಪ್ರಕಾರ ಸ್ವದೇಶ ಮಿರಜ್ ಸ್ಟೇಷನ್ನಿಗೆ ಮುಗಿಯುತ್ತಿತ್ತು. ಪುಣೆಯನ್ನು ಬೇಕಾದರೆ ನೆಂಟರ ಊರು ಎಂದು ಒಪ್ಪಿಕೊಳ್ಳುತ್ತಿದ್ದ. ಮುಂಬಯಿ ಅರ್ಧ ಪರದೇಶ. ಅದರಾಚೆಯ ಗುಜರಾತ್ ಮಾತ್ರ ಪೂರ್ತಿ ಪರದೇಶ. ಅಲ್ಲಿ ಭಾಷೆ ಬೇರೆ, ಲಿಪಿ ಬೇರೆ, ಬೇಳೆಯ ಸಾರಿಗೆ ಸಕ್ಕರೆ ಹಾಕಿ ಉಣ್ಣುತ್ತಾರೆ ಎಂಬ ವರದಿ ಅವನ ಕೈ ಸೇರಿತ್ತು.

ಇದು ಅರವತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿದ ನನಗೆ ಬರೋಡಾದಲ್ಲಿ ಆಹಾರಶಾಸ್ತ್ರದ ಎಂ.ಎಸ್‌ಸಿ.ಗೆ ಸೀಟು ಸಿಕ್ಕಿತ್ತು. ಎರಡು ವರ್ಷದ ಓದು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ತೀರ್ಪನ್ನು ವಾಸುಮಾಮಾನಿಗೆ ಬಿಟ್ಟುಕೊಟ್ಟ. ಮಾಮಾ ಕೋರ್ಟಿನಲ್ಲಿ ಶಿರಸ್ತೇದಾರನಾಗಿ ನಿವೃತ್ತನಾದವನು. ಮೂವತ್ತು ವರ್ಷ ನ್ಯಾಯಾಧೀಶರ ಕೆಳಗೆ ಕೂತು ಕೂತು, ತೀರ್ಪು ಕೊಡುವವನು ತಾನೇ ಎಂಬ ಅಭ್ಯಾಸ ಆಗಿಬಿಟ್ಟಿತ್ತು.

"ಒಂದ ಸಂಜೀ ಸಾಕು ನನಗ," ಎಂದ. "ಮನಿ ನೋಡ್ತೇನಿ, ಮಂದೀನ್ನ ನೋಡ್ತೇನಿ. ಸರಿ ಅನಸಲಿಲ್ಲಂದ್ರ ಮರುದಿನದ ಗಾಡಿಗೆ ಸುಮೀನ್ನ ಕರಕೊಂಡು ಬಂದುಬಿಡ್ತೇನಿ. ಇಲ್ಲೇ ಕನ್ಯಾಶಾಲೆಯೊಳಗ ಮಾಸ್ತರಿಕಿ ಇದ್ದ ಅದ."

ಕನ್ಯಾಶಾಲೆಯ ಮುಖ್ಯೋಪಾಧ್ಯಾಯಿನಿ ಮಾಮಿಯ ಚಿಕ್ಕಪ್ಪನ ಮಗಳು. ನನಗಾಗಿ ಒಂದು ಕುರ್ಚಿಯನ್ನು ಒರೆಸಿ ಇಟ್ಟಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಮಾಮಾ ಹೊರಟಾಗ ಅವನ ಚೀಲದಲ್ಲಿ ಒಂದೇ ಒಂದು ಜೊತೆ ಬಟ್ಟೆ, ಸಂಧ್ಯಾವಂದನೆಯ ಪಂಚಪಾತ್ರೆ, ಕಿಸೆಯಲ್ಲಿ ವಾಪಸು ಬರುವ ಗಾಡಿಗಳ ಟೈಮ್‌ಟೇಬಲ್ಲು. ತೀರ್ಪು ಆಗಲೇ ಬರೆದಾಗಿದೆ, ಓದಿ ಹೇಳುವುದಷ್ಟೇ ಬಾಕಿ ಎಂದು ನನಗೆ ಖಾತ್ರಿಯಾಯಿತು.

ಸಾಲದ್ದಕ್ಕೆ ಚಾತುರ್ಮಾಸ್ಯ ಬೇರೆ ಶುರುವಾಗಿತ್ತು. ಮಾಮಾನಿಗೆ ಆ ನಾಲ್ಕು ತಿಂಗಳು ಹಬ್ಬಕ್ಕಿಂತ ಹೆಚ್ಚು. ಮೊದಲ ತಿಂಗಳು ತರಕಾರಿ ಬಿಡುವುದು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ಬೇಳೆ. ನಮ್ಮ ಓಣಿಯಲ್ಲಿ ಇಷ್ಟು ಬಿಗಿಯಾಗಿ ವ್ರತ ಹಿಡಿಯುವವರು ಇನ್ನೊಬ್ಬರಿಲ್ಲ ಎಂಬುದು ಅವನ ಹೆಮ್ಮೆ. ಹೋಟೆಲಿನ ಅನ್ನವಂತೂ ಅವನು ಜನ್ಮದಲ್ಲೇ ಮುಟ್ಟಿದವನಲ್ಲ. ದಾರಿಗೆಂದು ಬೆಲ್ಲ ಕಲಸಿದ ಅವಲಕ್ಕಿಯ ಡಬ್ಬಿ, ತಿರುಪಿನ ಮುಚ್ಚಳದ ಹಿತ್ತಾಳೆ ತಂಬಿಗೆಯಲ್ಲಿ ನಮ್ಮ ಬಾವಿಯ ನೀರು.

ಸೂರತ್

ಧಾರವಾಡದಿಂದ ಪುಣೆ, ಪುಣೆಯಿಂದ ದಾದರ್, ದಾದರಿನಿಂದ ಮೂರನೆಯ ಗಾಡಿ. ಎರಡು ರಾತ್ರಿ ನಿದ್ದೆ ಇಲ್ಲದ ನನ್ನ ಕಣ್ಣು ಕೆಂಡವಾಗಿತ್ತು. ಕೂದಲಲ್ಲಿ ಇಂಜಿನ್ನಿನ ಮಸಿ. ಎದುರಿಗೆ ಅಹಮದಾಬಾದಿಗೆ ಹೊರಟ ಒಂದು ಕುಟುಂಬ ಕೂತಿತ್ತು. ಗಾಡಿ ಅಲುಗಿದ್ದೇ ತಡ, ಅವರು ಡಬ್ಬಿಗಳನ್ನು ಬಿಚ್ಚಿದರು. ನಮ್ಮ ಮಂದಿ ರೈಲಿನಲ್ಲಿ ಬುತ್ತಿ ಬಿಚ್ಚುವಾಗ ಗೋಡೆಯ ಕಡೆ ತಿರುಗುತ್ತಾರೆ, ಯಾರ ಕಣ್ಣೂ ಬೀಳಬಾರದೆಂದು. ಇವರು ಬೋಗಿಯ ನಟ್ಟನಡುವೆ ಬಿಚ್ಚಿದರು. ಮೆಂತೆ ಸೊಪ್ಪು ಕಲಸಿ ಬೇಯಿಸಿದ ಹಳದಿ ರೊಟ್ಟಿ, ಅದರ ಮೇಲೆ ಬೆಲ್ಲದ ಮಾವಿನಕಾಯಿ ಉಪ್ಪಿನಕಾಯಿ. ಆ ತಾಯಿ ನನ್ನನ್ನು ಕೇಳಲೇ ಇಲ್ಲ, ನನ್ನ ತೊಡೆಯ ಮೇಲೆ ಒಂದು ಕಾಗದ ಹಾಸಿ ಬಡಿಸಿಬಿಟ್ಟಳು. ನಾನು ಮಾಮಾನ ಕಡೆ ನೋಡದೆ ನಾಲ್ಕು ತಿಂದೆ. ಮಾಮಾ ಕಿಟಕಿಯ ಹೊರಗೆ ಟೆಲಿಗ್ರಾಫ್ ಕಂಬಗಳನ್ನು ಎಣಿಸುತ್ತಿದ್ದ.

ಸೂರತ್ತಿನಲ್ಲಿ ಗಾಡಿ ನಿಂತಿತು, ನಿಂತೇ ಬಿಟ್ಟಿತು. ಮುಂದೆ ಎಲ್ಲೋ ಹಳಿಯ ಮೇಲೆ ಮಳೆನೀರು ಬಂದಿದೆಯಂತೆ. ಒಂದೂವರೆ ತಾಸು. ಮಂದಿ ಕೆಳಗಿಳಿದು ಚಹಾ ಕುಡಿದರು, ಮನೆಯ ಅಂಗಳದಲ್ಲಿದ್ದ ಹಾಗೆ ಪ್ಲಾಟ್‌ಫಾರ್ಮಿನಲ್ಲಿ ಚಾಪೆ ಹಾಸಿ ಇಸ್ಪೀಟು ಆಡಿದರು, ಯಾರೂ ಸ್ಟೇಷನ್ ಮಾಸ್ತರನನ್ನು ಬೈಯಲಿಲ್ಲ. ಧಾರವಾಡದಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಒಂದು ನಿಯೋಗ ಹೋಗಿಬರುತ್ತಿತ್ತು.

ಮಾಮಾ ನೀರಿನ ನಲ್ಲಿಯ ಮೇಲಿನ ಫಲಕವನ್ನು ಬಹಳ ಹೊತ್ತು ನಿರುಕಿಸಿದ. ಗುಜರಾತಿ ಅಕ್ಷರ ದೇವನಾಗರಿಯದೇ ಅಣ್ಣತಮ್ಮ, ಮೇಲಿನ ಗೆರೆ ಒಂದಿಲ್ಲ. ಸಂಸ್ಕೃತ ಓದಿದ ಅವನಿಗೆ ತಡವರಿಸಿಯಾದರೂ ಓದಲು ಬಂತು.

"ಇವೆಲ್ಲಾ ನನ್ನ ಗುರ್ತಿನವ ಅವ ಸುಮೀ," ಎಂದ. "ಪಗಡಿ ತಗದಿಟ್ಟು ಕೂತಾವ ಅಷ್ಟ."

ಅದನ್ನು ಹೇಳುವಾಗ ಅವನ ಮುಖ ಸ್ವಲ್ಪ ಸಡಿಲಾದದ್ದನ್ನು ನೋಡಿ ನನಗೆ ಆಸೆ ಹುಟ್ಟಿತು. ಆದರೆ ಅವನು ಮರುಕ್ಷಣವೇ ಟೈಮ್‌ಟೇಬಲ್ ತೆಗೆದು, ಬರೋಡಾದಿಂದ ಮರಳುವ ಬೆಳಗಿನ ಗಾಡಿಯ ಮುಂದೆ ಪೆನ್ಸಿಲಿನಿಂದ ಒಂದು ಗುರುತು ಹಾಕಿದ.

ನರ್ಮದೆಯ ಸೇತುವೆ

ಭರೂಚದ ಹತ್ತಿರ ಗಾಡಿ ಮೆಲ್ಲಗಾಯಿತು. ಬೋಗಿಯಲ್ಲಿ ಕೂತವರೆಲ್ಲ ಒಮ್ಮೆಲೇ ಕಿಟಕಿಗೆ ಬಂದು ಕೈಮುಗಿದರು. ಕೆಳಗೆ ಕೆಂಪಗೆ ತುಂಬಿ ಹರಿಯುವ ನೀರು. ಆಚೆ ದಡ ಎಲ್ಲಿದೆ ಎಂದು ಹುಡುಕಬೇಕು. ಎದುರಿನ ಹೆಂಗಸು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು "ನರ್ಮದಾ ಮೈಯಾ" ಎಂದಳು.

ಮಾಮಾ ಧಡಕ್ಕನೆ ಎದ್ದು ನಿಂತ. ಐವತ್ತು ವರ್ಷ, ದಿನಾ ಬೆಳಗ್ಗೆ, ಧಾರವಾಡದ ಬಚ್ಚಲಮನೆಯಲ್ಲಿ ತಾಮ್ರದ ಹಂಡೆಯ ಮುಂದೆ ನಿಂತು ಅವನು ಏಳು ನದಿಗಳ ಹೆಸರು ಹೇಳಿ ನೀರನ್ನು ತಲೆಗೆ ಹಾಕಿಕೊಂಡವನು. ಅವುಗಳಲ್ಲಿ ಕಾವೇರಿಯನ್ನೂ ಗೋದಾವರಿಯನ್ನೂ ಬಿಟ್ಟರೆ ಒಂದನ್ನೂ ಕಂಡವನಲ್ಲ. ಈಗ ಹೆಸರು ಹಿಡಿದು ಕರೆದವಳು ಎದುರಿಗೇ ಬಂದು ನಿಂತಿದ್ದಳು. ಸೇತುವೆ ಮುಗಿಯುವ ತನಕ ಅವನು ಕಿಟಕಿಯ ಸರಳು ಹಿಡಿದು ನಿಂತೇ ಇದ್ದ. ತುಟಿ ಅಲುಗುತ್ತಿತ್ತು, ಕಣ್ಣು ಒದ್ದೆಯಾಗಿತ್ತು. ನನಗೂ ಸುಮ್ಮಸುಮ್ಮನೆ ಖುಷಿಯಾಯಿತು.

"ಹಂಗಾದ್ರ ಇದು ಪರದೇಶ ಅಲ್ಲಲ್ಲಾ ಮಾಮಾ?" ಎಂದೆ, ಸಮಯ ನೋಡಿ.

ಮಾಮಾ ಧೋತರದ ತುದಿಯಿಂದ ಕಣ್ಣೊರೆಸಿಕೊಂಡ. "ಹೊಳಿ ನಮ್ಮದು," ಎಂದ. "ಮಂದೀ ಮಾತು ಬ್ಯಾರೆ."

ಬರೋಡಾ ಸ್ಟೇಷನ್

ಐದು ಗಂಟೆಗೆ ಮುಟ್ಟಬೇಕಾದ ಗಾಡಿ ಆರೂ ಮುಕ್ಕಾಲಿಗೆ ಮುಟ್ಟಿತು. ನಾವು ಉಳಿದುಕೊಳ್ಳಬೇಕಾದ ಮನೆಯನ್ನು ಅಹಮದಾಬಾದಿನ ಸಂಶೋಧನಾಲಯವೊಂದರಲ್ಲಿ ಕೆಲಸಕ್ಕಿದ್ದ ಅಪ್ಪನ ಸ್ನೇಹಿತರು ಪತ್ರ ಬರೆದು ಗೊತ್ತುಮಾಡಿದ್ದರು. ಜೈನರ ಮನೆ. ಒಬ್ಬ ಅಜ್ಜಿ, ಒಬ್ಬ ಮೊಮ್ಮಗಳು, ಗಂಡಸರಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲೊಳಗೆ ಬಾರದು. ಈ ಕೊನೆಯ ವಾಕ್ಯದ ಬಲದ ಮೇಲೇ ನಾನು ಧಾರವಾಡ ಬಿಟ್ಟದ್ದು.

ಮೊಮ್ಮಗಳು ಕೋಕಿಲಾ ಸ್ಟೇಷನ್ನಿಗೆ ಬಂದಿದ್ದಳು. ನನಗಿಂತ ಒಂದೆರಡು ವರ್ಷ ಚಿಕ್ಕವಳು, ಎರಡು ಜಡೆ, ಕೈಗೆ ಗಡಿಯಾರ. ನಮಸ್ಕಾರ ಮಾಡಿದವಳೇ ಗಡಿಯಾರ ನೋಡಿಕೊಂಡಳು. ನನ್ನ ಟ್ರಂಕಿನ ಒಂದು ಹಿಡಿಯನ್ನು ತಾನೇ ಹಿಡಿದು ಓಡುತ್ತಲೇ ಟಾಂಗಾದವನನ್ನು ಕೂಗಿದಳು. ಹಿಂದಿಯಲ್ಲಿ ಒಂದೇ ಮಾತು: "ಜಲ್ದೀ ಕೀಜಿಯೇ, ಮೋಟೀಬಾ ಬೈಠೀ ಹೈ." ಬೇಗ ಮಾಡಿ, ಮೋಟೀಬಾ ಕಾದು ಕೂತಿದ್ದಾಳೆ ಎಂದು. ಮೋಟೀಬಾ ಎಂದರೆ ಅವಳ ಅಜ್ಜಿ.

ಟಾಂಗಾದಲ್ಲೂ ಅದೇ ಕಥೆ. ಅವಳು ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕಣ್ಣು ಪಡುವಣ ಆಕಾಶದ ಮೇಲೆ ಇಟ್ಟು, ಕುದುರೆಯವನ ಬೆನ್ನು ತಟ್ಟುತ್ತ ಕೂತಳು. ನನಗೋ ಊರು ನೋಡುವ ಆಸೆ. ಹಾದಿಯ ಆಚೀಚೆ ಬೇವಿನ ಮರಗಳು, ಸೈಕಲ್ ಮೇಲೆ ಸೀರೆಯುಟ್ಟು ಹೋಗುವ ಹುಡುಗಿಯರ ಹಿಂಡು. ಧಾರವಾಡದಲ್ಲಿ ನಾನು ಸೈಕಲ್ ಹತ್ತಿದರೆ ಇಡೀ ಓಣಿ ಕಟ್ಟೆಗೆ ಬಂದು ನಿಲ್ಲುತ್ತಿತ್ತು. ಇಲ್ಲಿ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ಇಲ್ಲೇ ಇರಬೇಕು ನಾನು ಎಂದು ಆಗಲೇ ಅನಿಸಿತು.

ಮಾಮಾ ಮಾತ್ರ ನನ್ನ ಕಿವಿಗೆ ಬಾಗಿ ಪಿಸುಗುಟ್ಟಿದ. "ಮುದುಕಿ ಜಡ್ಡಿನ್ಯಾಗ ಇರಬೇಕು ನೋಡು. ಇಲ್ಲಂದ್ರ ಈ ಹುಡುಗಿಗೆ ಇಷ್ಟ್ಯಾಕ ಗಡಿಬಿಡಿ? ಜಡ್ಡಿನವರ ಮನಿಯೊಳಗ ನಿನ್ನ ಇಟ್ಟುಹೋಗಂತೀಯೇನು?"

ಫತೇಗಂಜ್

ಮನೆ ಫತೇಗಂಜಿನ ಒಂದು ಓಣಿಯಲ್ಲಿ, ಹಾಸ್ಟೆಲ್ಲುಗಳ ಸಾಲಿನ ಹಿಂದೆ. ಮೋಟೀಬಾ ಜಡ್ಡಿನಲ್ಲಿರಲಿಲ್ಲ. ಎಪ್ಪತ್ತು ದಾಟಿದ, ಬಿಳಿ ಸೀರೆಯ, ಹಿಡಿಯಷ್ಟು ಆಕಾರದ ಮುದುಕಿ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಪಡಸಾಲೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಣೆ. ಅದರಾಚೆ ನಾಲ್ಕು ಮಣೆ, ನಾಲ್ಕು ತಾಟು, ಮುಚ್ಚಿದ ಪಾತ್ರೆಗಳು. ಪಶ್ಚಿಮದ ಕಿಟಕಿಯಿಂದ ಬಿಸಿಲು ತಾಟುಗಳ ಮೇಲೆ ಅಡ್ಡ ಬಿದ್ದಿತ್ತು.

ಬರೋಡಾ ಮರಾಠಿ ರಾಜರ ಊರು. ಹಾಗಾಗಿ ಹಳಬರಿಗೆ ಮರಾಠಿ ಬರುತ್ತಿತ್ತು. ಮಾಮಾನಿಗೂ ಧಾರವಾಡದ ಮರಾಠಿ ಇತ್ತು. ಇಬ್ಬರ ಮರಾಠಿಯೂ ಮರಾಠಿಗರು ಕೇಳಿದರೆ ಕಿವಿ ಮುಚ್ಚಿಕೊಳ್ಳುವಂಥದ್ದು, ಆದರೆ ಒಬ್ಬರದು ಇನ್ನೊಬ್ಬರಿಗೆ ತಿಳಿಯುತ್ತಿತ್ತು. ಬನ್ನಿ, ಮೊದಲು ಊಟಕ್ಕೆ ಕೂತುಬಿಡಿ, ಮಿಕ್ಕದ್ದು ಆಮೇಲೆ ಎಂದಳು ಮೋಟೀಬಾ.

ಮಾಮಾನ ಹುಬ್ಬು ಮೇಲೇರಿತು. ಎರಡು ದಿನದ ರೈಲಿನ ಮಸಿ ಮೈಮೇಲೆ. ಸ್ನಾನವಿಲ್ಲ, ಸಂಧ್ಯಾವಂದನೆ ಇಲ್ಲ, ಹೊತ್ತು ಇಳಿಯುವ ಸಮಯ. ನಮ್ಮಲ್ಲಿ ಆ ಹೊತ್ತಿಗೆ ಮಕ್ಕಳಿಗೂ ಊಟ ಹಾಕುವುದಿಲ್ಲ.

"ಕಾಲು ತೊಳೀಲಿಕ್ಕೂ ಬಿಡೂದಿಲ್ಲಲಾ ಇವರು," ಎಂದು ನನಗೆ ಕನ್ನಡದಲ್ಲಿ ಹೇಳಿ, ಮುದುಕಿಗೆ ಮರಾಠಿಯಲ್ಲಿ, ಸ್ನಾನ ಸಂಧ್ಯೆ ಮುಗಿಸದೆ ನಾನು ಬಾಯಿಗೆ ನೀರೂ ಹಾಕುವವನಲ್ಲ ಎಂದು ತಿಳಿಸಿದ. ಮೋಟೀಬಾ ಕಿಟಕಿಯ ಕಡೆ ನೋಡಿದಳು, ಏನೋ ಹೇಳಹೊರಟ ಕೋಕಿಲಾಳ ಕೈಯನ್ನು ಒತ್ತಿ ಸುಮ್ಮನಾಗಿಸಿದಳು. ಹಿತ್ತಿಲ ನಲ್ಲಿಯನ್ನು ತಾನೇ ಹೋಗಿ ತೋರಿಸಿ ಬಂದಳು. ಮಾಮಾ ಪಂಚಪಾತ್ರೆ ಹಿಡಿದು ಗಂಭೀರವಾಗಿ ನಡೆದ.

ನಾನು ತೂಗುಮಣೆಯ ತುದಿಯಲ್ಲಿ ಕೂತೆ. ಕೂತಲ್ಲೇ ನಿದ್ದೆ ಎಳೆಯುತ್ತಿತ್ತು. ಪಾತ್ರೆಗಳಿಂದ ತುಪ್ಪದ ವಾಸನೆ ಬೇರೆ. ಆಗ ಕೋಕಿಲಾ ನನ್ನ ಪಕ್ಕಕ್ಕೆ ಸರಿದು, ಅಜ್ಜಿಗೆ ಕೇಳದ ಹಾಗೆ, ಹಿಂದಿಯಲ್ಲಿ ಎಲ್ಲ ಹೇಳಿದಳು.

ಅವರ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಉಣ್ಣುವುದಿಲ್ಲ. ದೀಪಕ್ಕೆ ಬಂದ ಹುಳ ಕಾಣದೆ ಬಾಯಿಗೆ ಹೋದೀತು, ಒಂದು ಜೀವ ಹೋದೀತು ಎಂದು. ತಾನಿನ್ನೂ ಆ ನೇಮ ಹಿಡಿದಿಲ್ಲ, ಅಜ್ಜಿಯದು ಮಾತ್ರ ತಪ್ಪುವಂತಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮೋಟೀಬಾ ದಿನಕ್ಕೆ ಒಂದೇ ಹೊತ್ತು ಉಣ್ಣುವ ವ್ರತ ಹಿಡಿದಿದ್ದಾಳೆ. ದಿನಾ ಮಧ್ಯಾಹ್ನ ಆಗುವ ಆ ಒಂದು ಊಟವನ್ನು ಇವತ್ತು ನಮಗಾಗಿ ಸಂಜೆಗೆ ಇಟ್ಟುಕೊಂಡಿದ್ದಾಳೆ. ನಿನ್ನೆ ಮಧ್ಯಾಹ್ನ ಉಂಡವಳು. ಮನೆಗೆ ಬಂದ ಅತಿಥಿ ಉಣ್ಣದೆ ತಾನು ತಾಟಿನ ಮುಂದೆ ಕೂರಲಾರಳು. ಇನ್ನು ಹತ್ತು ನಿಮಿಷ ಮೀರಿದರೆ ನಾಳೆ ಬೆಳಗಿನ ತನಕ ಅನ್ನವಿಲ್ಲ, ನೀರೂ ಇಲ್ಲ.

ನನ್ನ ನಿದ್ದೆ ಹಾರಿಹೋಯಿತು. ಹಿತ್ತಿಲಿಗೆ ಓಡಿದೆ.

ಮಾಮಾ ಒದ್ದೆ ಧೋತರ ಸುತ್ತಿಕೊಂಡು ಪಡುವಣಕ್ಕೆ ಮುಖ ಮಾಡಿ ಕೂತಿದ್ದ. ಅರ್ಘ್ಯ ಮುಗಿದು ಜಪಕ್ಕೆ ಇಳಿದಿದ್ದ. ಜಪದಲ್ಲಿರುವ ಮಾಮಾನನ್ನು ಮಾತಾಡಿಸುವುದೆಂದರೆ ನಡೆಯುತ್ತಿರುವ ಕೋರ್ಟಿನಲ್ಲಿ ಸೀಟಿ ಹೊಡೆದ ಹಾಗೆ.

"ಮಾಮಾ, ಲಗೂ ಮುಗಸು. ಅಜ್ಜಿ ಉಂಡಿಲ್ಲ."

ಮಾಮಾ ಕಣ್ಣು ತೆರೆಯದೆ ಎಡಗೈ ಎತ್ತಿದ. ವಕೀಲರನ್ನು ತಡೆಯುವ ಕೈ ಅದು.

"ಮಾಮಾ, ಹೊತ್ತು ಮುಳಗಲಿಕತ್ತದ."

ಅದಕ್ಕೆ ಅವನು ತೃಪ್ತಿಯಿಂದ ತಲೆಯಾಡಿಸಿದ. ಅವನಿಗೆ ಬೇಕಾಗಿದ್ದದ್ದೂ ಅದೇ ಹೊತ್ತು. ಸೂರ್ಯ ಅರ್ಧ ಮುಳುಗಿರುವಾಗ ಜಪ ನಡೆದಿರಬೇಕು, ಅದು ಶಾಸ್ತ್ರ. ಬೇವಿನ ಮರದ ಹಿಂದೆ ಕೆಂಪು ತಟ್ಟೆ ಸರಿಯುತ್ತ ಬಂತು. ನಾನು ಒಮ್ಮೆ ಸೂರ್ಯನನ್ನು, ಒಮ್ಮೆ ಮಾಮಾನ ಬೆರಳನ್ನು ನೋಡುತ್ತ ಒಂಟಿಕಾಲಲ್ಲಿ ನಿಂತೆ. ನೂರೆಂಟು ಮುಗಿಯಿತು. ಸೂರ್ಯನೂ ಮುಗಿದ.

ನಾವು ಒಳಗೆ ಬಂದಾಗ ನಾಲ್ಕು ತಾಟುಗಳಲ್ಲಿ ಒಂದು ಕಾಣೆಯಾಗಿತ್ತು. ಮೋಟೀಬಾ ತೂಗುಮಣೆಯ ಮೇಲೆ ಕೈಮುಗಿದು ಕೂತಿದ್ದಳು, ತುಟಿ ಅಲುಗುತ್ತಿತ್ತು. ಇವತ್ತಿನ ಉಪವಾಸದ ಸಂಕಲ್ಪ ಮಾಡುತ್ತಿದ್ದಾಳೆ ಎಂದಳು ಕೋಕಿಲಾ. ನಾನು ಮಾಮಾನಿಗೆ ಎಲ್ಲವನ್ನೂ ಹೇಳಿದೆ. ಅವನು ಶಿರಸ್ತೇದಾರನ ಹಾಗೇ ಕೇಳಿದ.

"ಕಡೀ ಊಟಾ ಯಾವಾಗ?"

"ನಿನ್ನೆ ಮಧ್ಯಾಹ್ನ."

"ನೀರು?"

"ನೀರೂ ಇಲ್ಲ. ನಾಳೆ ಬೆಳಗಿನ ತನಕಾ."

ಮಾಮಾ ಗೋಡೆ ಹಿಡಿದು ಮೆಲ್ಲಗೆ ನೆಲಕ್ಕೆ ಕೂತ. ಅವನ ಮುಖ ಅಷ್ಟು ಚಿಕ್ಕದಾದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ನಾ ಹಿಂಗ ಎಂದೂ ಮಾಡಿದಂವಲ್ಲ," ಎಂದ. ಮುಚ್ಚಿದ ಪಾತ್ರೆಗಳ ಕಡೆ ನೋಡಿ, "ನನಗೂ ಊಟಾ ಬ್ಯಾಡ," ಎಂದ.

ಅವನು ಬೇಡವೆಂದ ಮೇಲೆ ನಾನು ಹೇಗೆ ಉಣ್ಣಲಿ? ನಾನು ಉಣ್ಣದಿದ್ದರೆ ಕೋಕಿಲಾ ಹೇಗೆ ಉಂಡಾಳು? ತುಂಬಿದ ಪಾತ್ರೆಗಳ ಸುತ್ತ ನಾಲ್ಕು ಜನ ಹಸಿದುಕೊಂಡು ಕೂತೆವು. ಆಹಾರಶಾಸ್ತ್ರ ಓದಲು ಐನೂರು ಮೈಲಿಗೂ ಹೆಚ್ಚು ದೂರ ಬಂದವಳು ನಾನು. ದಣಿವೋ, ಹಸಿವೋ, ನಾಚಿಕೆಯೋ, ಕಣ್ಣೀರು ಬಂದುಬಿಟ್ಟಿತು.

"ಮಾಮಾ, ನಾಳೆ ಹೋಗಿಬಿಡೋಣು," ಎಂದೆ. "ಬಂದ ಮೊದಲನೇ ಸಂಜೀಗೇ ಮುದುಕೀನ್ನ ಉಪವಾಸ ಕೆಡವಿದೆವು. ಎರಡು ವರ್ಷದಾಗ ಇನ್ನೇನೇನು ಮಾಡ್ತೇನೋ ನಾ. ನನಗ ಇವರ ರೀತಿ ಒಂದೂ ಗೊತ್ತಿಲ್ಲ."

ಮಾಮಾ ಕೇಳಲು ಬಯಸಿದ್ದ ಮಾತು ಇದೇ. ಆದರೆ ಅವನು ಟೈಮ್‌ಟೇಬಲ್ ತೆಗೆಯಲಿಲ್ಲ.

ನನ್ನ ಅಳು ಕಂಡು ಮೋಟೀಬಾ ತೂಗುಮಣೆಯಿಂದ ಇಳಿದು ಬಂದಳು. ನನ್ನ ತಲೆ ಸವರಿ, ಮಾಮಾನ ಎದುರಿಗೆ ನೆಲದ ಮೇಲೆ ಕೂತು ಮರಾಠಿಯಲ್ಲಿ ವಿಚಾರಿಸಿದಳು: ಅಷ್ಟು ಹೊತ್ತು ಹಿತ್ತಿಲಲ್ಲಿ ಏನು ಮಾಡುತ್ತಿದ್ದೆ? ಮಾಮಾ ತಪ್ಪೊಪ್ಪಿಗೆಯ ದನಿಯಲ್ಲಿ, ಸೂರ್ಯನಿಗೆ ನೀರು ಕೊಟ್ಟು ಬೀಳ್ಕೊಡುವ ಪದ್ಧತಿ ನಮ್ಮದು ಎಂದ. ಮೋಟೀಬಾ ಬೊಚ್ಚುಬಾಯಿ ತೆರೆದು ನಕ್ಕಳು. ನೀನು ಅವನಿಗೆ ನೀರು ಕುಡಿಸಿ ಕಳಿಸುತ್ತೀ, ನಾನು ನನ್ನ ನೀರು ಬಿಟ್ಟು ಕಳಿಸುತ್ತೇನೆ, ಅವನಿಗೇನು, ಇಬ್ಬರನ್ನೂ ನೋಡಿಕೊಂಡೇ ಹೋದ ಎಂದಳು.

ಆಮೇಲೆ ಮಾಮಾ ತನ್ನ ಚಾತುರ್ಮಾಸ್ಯದ ಮಾತು ತೆಗೆದ. ನಾನೇನು ವ್ರತ ತಿಳಿಯದ ಮನುಷ್ಯನಲ್ಲ ಎಂದು ತೋರಿಸಿಕೊಳ್ಳಬೇಕಿತ್ತೇನೋ. ಈ ತಿಂಗಳು ತರಕಾರಿ ಮುಟ್ಟುವುದಿಲ್ಲ ಎಂದ. ಇವತ್ತು ನಾನೂ ಮುಟ್ಟುವುದಿಲ್ಲ, ಇವತ್ತು ಚತುರ್ದಶಿ, ನಮ್ಮಲ್ಲಿ ಹಸಿರು ವರ್ಜ್ಯ ಎಂದಳು ಮೋಟೀಬಾ. ಬದನೆಕಾಯಿ? ಇಬ್ಬರಿಗೂ ಇಲ್ಲ. ಸೊಪ್ಪು? ಇಬ್ಬರಿಗೂ ಇಲ್ಲ. ಮಾಮಾ ಮುಂದಿನ ತಿಂಗಳ ಮೊಸರನ್ನೂ ಅದರ ಮುಂದಿನ ತಿಂಗಳ ಹಾಲನ್ನೂ ಬಿಟ್ಟು ತೋರಿಸಿದ. ಮೋಟೀಬಾ ಬೇಳೆಗೆ ಹಸಿ ಹಾಲು ಸೇರಿಸುವುದನ್ನು ಬಿಟ್ಟಳು, ಸೋಸದ ನೀರನ್ನು ಬಿಟ್ಟಳು, ಕಾಯಿಸದ ನೀರನ್ನೂ ಬಿಟ್ಟಳು. ಕೊನೆಗೆ ಮೆಲ್ಲಗೆ, ಆಲೂಗಡ್ಡೆ ತಿನ್ನುತ್ತೀಯೇನು ಎಂದು ಕೇಳಿದಳು.

ಮಾಮಾ ತಡವರಿಸಿದ. ಆಲೂಗಡ್ಡೆ ಪಲ್ಯ ಅವನ ಜೀವ. ನಾಲ್ಕು ತಿಂಗಳು ಮುಗಿದ ಮೇಲೆ ತಿನ್ನುತ್ತೇನೆ ಎಂದು ಒಪ್ಪಿಕೊಂಡ. ನಾನು ಹುಟ್ಟಿದಾಗಿನಿಂದ ನೆಲದೊಳಗೆ ಬೆಳೆದದ್ದನ್ನು ಒಂದು ಚೂರೂ ತಿಂದವಳಲ್ಲ ಎಂದಳು ಮೋಟೀಬಾ.

ಧಾರವಾಡದಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಮಾಮಾ ನನ್ನ ಕಡೆ ತಿರುಗಿದ, ಹೊಳೆಯುವ ಕಣ್ಣುಗಳಿಂದ. "ಗಜ್ಜರಿ ಸುದ್ದಾ ತಿಂದಿಲ್ಲಂತ ನೋಡು," ಎಂದ. ಸೋಲಿನಲ್ಲಿ ಒಬ್ಬ ಮನುಷ್ಯ ಅಷ್ಟು ಖುಷಿಪಟ್ಟದ್ದನ್ನು ನಾನು ಆಮೇಲೂ ಕಂಡಿಲ್ಲ. ಅಳು ಇನ್ನೂ ಮುಗಿಯದ ನನಗೆ ನಗು ಬಂತು. ನನ್ನನ್ನು ನೋಡಿ ಕೋಕಿಲಾಳಿಗೂ ಬಂತು.

ಅದೇ ಸಮಯ ನೋಡಿ ಮೋಟೀಬಾ ಕೊನೆಯ ಏಟು ಹಾಕಿದಳು. ಅತಿಥಿ ಹಸಿದು ಮಲಗಿದರೆ ನನ್ನ ಉಪವಾಸದ ಪುಣ್ಯವೆಲ್ಲ ಹೋಗುತ್ತದೆ, ಹಗಲಲ್ಲೇ ಮಾಡಿಟ್ಟ ಅಡಿಗೆ, ಈಗ ನೀನು ಉಂಡರೆ ನನಗೆ ಉಪಕಾರ ಎಂದಳು. ಮಾಮಾ ಎದ್ದು ಮಣೆಯ ಮೇಲೆ ಕೂತ. ಪರರ ಮನೆಯ ಅಡಿಗೆಯನ್ನು, ಅದೂ ವ್ರತದ ತಿಂಗಳಲ್ಲಿ, ಅವನು ಉಂಡದ್ದನ್ನು ಮಾಮಿಗೆ ಇವತ್ತಿಗೂ ಯಾರೂ ಹೇಳಿಲ್ಲ.

ಚತುರ್ದಶಿಯಾದ್ದರಿಂದ ತರಕಾರಿಯ ಸೋಂಕಿಲ್ಲ. ಇಡೀ ಹೆಸರುಕಾಳು, ತೆಳ್ಳನೆಯ ರೊಟ್ಟಿ, ಅನ್ನ, ತುಪ್ಪ. ನೀರೂ ಕುಡಿಯದ ಮೋಟೀಬಾ ತಾನೇ ನಿಂತು ಬಡಿಸಿದಳು. ನಮ್ಮಲ್ಲಿ ಅನ್ನ ಎಂದರೆ ಊಟ. ಅನ್ನ ಈಗ ಬಂದೀತು, ಆಗ ಬಂದೀತು ಎಂದು ಮಾಮಾ ಹೊಟ್ಟೆಯಲ್ಲಿ ಜಾಗ ಇಟ್ಟುಕೊಂಡು ಕೂತ. ಆಕೆ ರೊಟ್ಟಿಯ ಮೇಲೆ ರೊಟ್ಟಿ ಹಾಕುತ್ತಲೇ ಹೋದಳು. ಸಾಕು ಎಂದ ಮೇಲೂ ನಾಲ್ಕು ಬಿದ್ದವು. ಕೊನೆಗೆ ಅನ್ನ ಬಂದಾಗ ಅದು ಎರಡು ಚಮಚ, ನಾವು ಉಪ್ಪಿನಕಾಯಿ ಬಡಿಸುವಷ್ಟು. ಕಾಳಿನಲ್ಲಿ ಬೆಲ್ಲ ಇದ್ದೇ ಇತ್ತು. ಮಾಮಾ ಮೊದಲ ತುತ್ತಿಗೆ ನನ್ನ ಮುಖ ನೋಡಿದ, ಎರಡನೆಯದಕ್ಕೆ ತಾಟು ನೋಡಿದ, ಮೂರನೆಯ ಸಲ ಕೇಳಿ ಹಾಕಿಸಿಕೊಂಡ.

ಊಟ ಮುಗಿದಾಗ ಕೋಕಿಲಾ ತನ್ನ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಗಟಗಟ ಕುಡಿದುಬಿಟ್ಟಳು. ಮಾಮಾ ಉಸಿರು ಹಿಡಿದು ನೋಡಿದ. ಅಗುಳು ಉಳಿದರೆ ಇರುವೆ ಬರುತ್ತದೆ, ಇರುವೆ ಬಂದರೆ ಯಾರದೋ ಕಾಲಿಗೆ ಸಿಗುತ್ತದೆ ಎಂದು ಮೋಟೀಬಾ ವಿವರಿಸಿದಳು. ಮಾಮಾ ತನ್ನ ತಾಟನ್ನು ಬೆರಳಿನಿಂದ ಒರೆಸಿ ಒರೆಸಿ ಕನ್ನಡಿ ಮಾಡಿದ. ಕುಡಿಯಲಿಲ್ಲ. ಅಷ್ಟು ದೂರ ಅವನಿಂದ ಬರಲಾಗದು.

ಹಾಸಿಗೆ ಬಿಚ್ಚುವಾಗ ನಾನು ಮತ್ತೆ ಕೇಳಿದೆ, "ನಾಳೆ ಎಷ್ಟೊತ್ತಿನ ಗಾಡಿಗೆ ಹೊರಡೂದು?"

"ನಾಳೆ ಗಾಡಿ ಇಲ್ಲ," ಎಂದ ಮಾಮಾ.

"ಅದ. ನೀನ ಗುರುತು ಮಾಡೀಯಲ್ಲಾ."

"ಆಕೀ ಪಾರಣಿ ಆಗೂತನಕಾ ನಾ ಹೊಸ್ತಿಲಾ ದಾಟೂದಿಲ್ಲ. ನೀ ಮಲಕೋ ಸುಮ್ಮನ."

ಮರುದಿನ ಬೆಳಗ್ಗೆ

ಎಚ್ಚರವಾದಾಗ ಅಡಿಗೆಮನೆಯಲ್ಲಿ ವಾದ ನಡೆದಿತ್ತು. ಮಾಮಾ ಮಡಿಯುಟ್ಟು ಒಲೆಯ ಮುಂದೆ, ಮೋಟೀಬಾ ಬಾಗಿಲಲ್ಲಿ. ನಿನ್ನ ಉಪವಾಸಕ್ಕೆ ಕಾರಣ ನಾನು, ಅದನ್ನು ಮುರಿಯುವ ಅಡಿಗೆ ನನ್ನದೇ ಆಗಬೇಕು ಎಂದು ಅವನ ಪಟ್ಟು. ಆಕೆ ಒಪ್ಪಿದಳು, ತನ್ನ ನಿಯಮಗಳ ಮೇಲೆ. ನೀರು ಸೋಸಿ ಕಾಯಿಸಬೇಕು. ಬೆಳಕು ಹರಿಯುವ ಮೊದಲು ಒಲೆ ಹೊತ್ತಿಸಬಾರದು. ಹಾಲು ಕಾದು ಉಕ್ಕಿದ ಮೇಲಷ್ಟೇ ಬೇಳೆಗೆ ಸೇರಬೇಕು. ಯಾವಾಗ ಉಣ್ಣಬಹುದು ಎಂದು ಮಾಮಾ ಕೇಳಿದಾಗ ಆಕೆ ಎರಡು ಬೆರಳು ಎತ್ತಿ, ಸೂರ್ಯ ಹುಟ್ಟಿ "ಬೇ ಘಡೀ" ಎಂದಳು.

"ಎರಡು ಗಳಿಗಿ," ಎಂದ ಮಾಮಾ ಥಟ್ಟನೆ. "ನಲವತ್ತೆಂಟು ನಿಮಿಷ. ಎಲ್ಲಾ ಕಡೆ ಅಷ್ಟ ಅದ ಅದು."

ಅವನು ಹೆಸರುಬೇಳೆಯ ಪಾಯಸ ಮಾಡಿದ. ತಾನು ಅಡಿಗೆಗೆ ನಿಂತರೆ ಮಾಮಿಯನ್ನೂ ಒಲೆಯ ಹತ್ತಿರ ಬಿಡದ ಮನುಷ್ಯ, ಆ ಮುದುಕಿ ಬಗ್ಗಿ ಬಗ್ಗಿ ನೋಡುತ್ತಿದ್ದರೂ ಸುಮ್ಮನಿದ್ದ. ಕೋಕಿಲಾ ಗಡಿಯಾರ ಹಿಡಿದು ನಿಂತಳು. ಅವಳು ಹೂಂ ಎಂದ ಕೂಡಲೇ ನಾನು ಬಟ್ಟಲು ತುಂಬಿ ಕೊಟ್ಟೆ. ಮೋಟೀಬಾ ಮೊದಲ ಗುಟುಕು ಕುಡಿದು ಕಣ್ಣು ಮುಚ್ಚಿದಳು. ಆಕೆಯ ಗಂಟಲು ಇಳಿದು ಏರುವುದನ್ನು ನಾವು ಮೂವರೂ ನೋಡಿದೆವು. ಆಕೆ ಬಟ್ಟಲು ಖಾಲಿ ಮಾಡುವ ತನಕ ಮಾಮಾ ತಾನು ಒಂದು ಹನಿಯನ್ನೂ ಬಾಯಿಗೆ ಹಾಕಲಿಲ್ಲ.

ಅದು ಮುಗಿದ ಮೇಲೆ ಅವನು ಆಕೆಯ ಮುಂದೆ ಕೈಮುಗಿದು ಕೂತ. ಮರಾಠಿ ಸಾಲದೆ ಹೋಯಿತೋ ಏನೋ, ಕನ್ನಡದಲ್ಲೇ ಹೇಳಿದ. "ಅಜ್ಜೀ, ನನಗೊಂದು ಮಾತು ಕೊಡ್ರಿ. ಕಾಲೇಜಿನಿಂದ ಈಕಿ ಬರೂದು ಯಾವತ್ತರೆ ತಡಾ ಆತಂದ್ರ, ಈಕಿ ಸಲುವಾಗಿ ಕಾಯಕೋತ ಕೂಡಬ್ಯಾಡ್ರಿ. ನಿಮ್ಮ ಹೊತ್ತಿಗೆ ನೀವು ಉಂಡುಬಿಡ್ರಿ. ಒಂದು ದಿನದ ಮಾತಲ್ಲ, ಎರಡು ವರ್ಷ ಅದ."

ನನ್ನ ಕೈಯಲ್ಲಿ ಸೌಟು ಇತ್ತು. ಹಾಗೇ ನಿಂತೆ. ಎರಡು ವರ್ಷ ಎಂದಿದ್ದ ಅವನು. ನನ್ನ ಕಡೆ ನೋಡಲೂ ಇಲ್ಲ. ನಾನು ಆ ಮಾತನ್ನು ಹಿಂದಿಯಲ್ಲಿ ಕೋಕಿಲಾಳಿಗೆ ಹೇಳಿದೆ, ಅರ್ಧಕ್ಕೆ ನನ್ನ ಹಿಂದಿ ಮುಗಿಯಿತು. ಉಳಿದರ್ಧವನ್ನು ಅವಳು ತಾನೇ ಊಹಿಸಿ ಅಜ್ಜಿಗೆ ಗುಜರಾತಿಯಲ್ಲಿ ಹೇಳಿದಳು.

ಮೋಟೀಬಾ ಕೊನೆಯ ತನಕ ಕೇಳಿದಳು. ಆಮೇಲೆ ಇಲ್ಲವೆಂದು ತಲೆ ಅಲ್ಲಾಡಿಸಿದಳು. ಮನೆಯ ಹುಡುಗಿ ಹೊರಗಿರುವಾಗ ತಾನು ಹೇಗೆ ಉಣ್ಣಲಿ, ಮಳೆಗಾಲದ ಆ ಒಂದು ಊಟವೂ ಇನ್ನು ಸಂಜೆಗೇ ಎಂದಳು. ಮಾಮಾ ಎಷ್ಟು ಕೇಳಿಕೊಂಡರೂ ಮಾತು ಕೊಡಲಿಲ್ಲ.

ಎರಡು ವರ್ಷ ನಾನು ಪ್ರಯೋಗಶಾಲೆಯಿಂದ ದಿನಾ ಸಂಜೆ ಓಡಿಕೊಂಡೇ ಮನೆಗೆ ಬಂದೆ.